ಯಾರು ಬರ್ತಾರೆ?

ನಮ್ಮ ಮನೆಯಲ್ಲಿ ಒಂದು ಕೋಣೆ ಉಂಟು, ಹೆಸರು ಬಾಣಂತಿ ಕೋಣೆ. ಬಚ್ಚಲು ಕೊಟ್ಟಿಗೆಗೆ ಹತ್ತಿರ, ಅಡುಗೆಮನೆಗೆ ಸ್ವಲ್ಪ ದೂರ. ಒಂದೇ ಕಿಟಕಿ, ಕಿಟಕಿಯಾಚೆ ನೇರ ತೋಟ. ಅದರಲ್ಲಿ ಕೊನೆಯದಾಗಿ ಮಲಗಿದ ಬಾಣಂತಿ ನಾನೇ. ಮಗಳ ಬಾಣಂತನ ಪದ್ಧತಿಯಂತೆ ತವರಿನಲ್ಲಿ, ಸುಳ್ಯದ ಕಡೆ ಆಯ್ತು. ಮಗನದ್ದು ಮಾತ್ರ ಇಲ್ಲಿ, ಅಮ್ಮನಿಗೆ ಆಗ ಸೊಂಟ ನೋವು ಅಂತ. ಆ ಮಗ ಈಗ ಪಿಯುಸಿ ಓದುತ್ತಾ ಹಾಸ್ಟೆಲಿನಲ್ಲಿದ್ದಾನೆ. ಅಂದರೆ ಹದಿನೇಳು ವರ್ಷದಿಂದ ಆ ಕೋಣೆಯಲ್ಲಿ ಮಲಗಿದ್ದು ಅಡಿಕೆ ಮಾತ್ರ.

ಇಲ್ಲಿ ಅಂದರೆ ಪುತ್ತೂರಿನಿಂದ ಕಾಣಿಯೂರಿಗೆ ಬಂದು ಒಳಗೆ ತಿರುಗಿದರೆ ಸಿಗುವ ಊರು. ನಾನು ಮದುವೆಯಾಗಿ ಬರುವಾಗ ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ನಾವು ಕೂತಲ್ಲೇ ಕೂತಿದ್ದೇವೆ, ತಾಲೂಕು ಮಾತ್ರ ಎದ್ದು ಹೋಯ್ತು :)

ತೋಟ ಇರುವವರಿಗೆ ಅಡಿಕೆಯ ಜೊತೆ ಸಂಸಾರ ಮಾಡುವುದು ಹೊಸತಲ್ಲ. ನಲವತ್ತು, ನಲವತ್ತೈದು ದಿನ ಅಂಗಳದಲ್ಲಿ ಒಣಗಿಸಬೇಕು, ಸುಲಿಸಬೇಕು, ಪಟೋರ, ಉಳ್ಳಿ, ಕರಿಗೋಟು ಅಂತ ಬೇರೆ ಮಾಡಬೇಕು, ಗೋಣಿಗೆ ತುಂಬಬೇಕು. ಆಮೇಲೆ ರೇಟಿಗೆ ಕಾಯಬೇಕು. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಅಂತ ಅದಕ್ಕೆ ವಯಸ್ಸಿನ ಮೇಲೆ ಕ್ರಯ. ಮನೆಯಲ್ಲಿ ವಯಸ್ಸಾದ ಹಾಗೆ ಬೆಲೆ ಏರುವುದು ಅದಕ್ಕೊಂದಕ್ಕೇ. ಹಾಗಾಗಿ ಬೆಚ್ಚಗಿನ, ತೇವ ಬಾರದ ಕೋಣೆ ಯಾವತ್ತೂ ಅಡಿಕೆಗೇ ಮೀಸಲು. ಮನುಷ್ಯರು ಎಲ್ಲಿಯಾದರೂ ಮಲಗಬಹುದು.

ಈ ಸಲ ಎಪ್ರಿಲಿನಲ್ಲಿ, ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ ಕಳೆದ ವಾರ, ಇವರು ಹಳೆ ಅಡಿಕೆಯನ್ನೆಲ್ಲ ಕೊಟ್ಟರು. ಗೋಣಿ ಹೊತ್ತ ಪಿಕಪ್ಪು ಹೋದ ಮೇಲೆ ನಾನು ಗುಡಿಸಲಿಕ್ಕೆ ಅಂತ ಒಳಗೆ ಹೋದೆ. ಗೋಡೆಯ ಬದಿಯಲ್ಲಿ ಹಳೆ ಹಲಸಿನ ಮಂಚ ಇತ್ತು. ಅದರ ಮೇಲೆ ಒಡೆದ ಕುಕ್ಕರು, ಮದ್ದು ಬಿಡುವ ಪೈಪಿನ ಸುರುಳಿ, ಮಕ್ಕಳ ಹಳೆ ಪುಸ್ತಕ. ಕಿಟಕಿ ತೆರೆದದ್ದೇ ತಡ, ನೆಲದ ಕೆಂಪಿನ ಮೇಲೆ ಬಿಸಿಲು ಬಿತ್ತು. ಗುಡಿಸುವುದು ಬಿಟ್ಟು ಹಿಡಿಸೂಡಿ ಹಿಡಿದುಕೊಂಡೇ ಮಂಚದ ತುದಿಯಲ್ಲಿ ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಹಾಲು ಉಕ್ಕಿದ ವಾಸನೆ ಬಂದ ಮೇಲೆ ಎದ್ದು ಓಡಿದ್ದು.

ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ, "ಆ ಕೋಣೆಗೆ ಸುಣ್ಣ ಹೊಡೆದು ಸರಿ ಮಾಡ್ಬೇಕು ಅಂತ."

"ಯಾರು ಬರ್ತಾರೆ?" ಅಂದರು ಇವರು.

ಮಾರನೇ ದಿನ ಕುಕ್ಕರು ಹೊರಗೆ ಸಾಗಿಸುವಾಗ ಕೆಲಸಕ್ಕೆ ಬರುವವಳೂ ಅದನ್ನೇ ಕೇಳಿದಳು, "ಏರ್ ಬರ್ಪೆರ್ ಅಕ್ಕೆ?" ಪಕ್ಕದ ಮನೆಯ ಚಿಕ್ಕಮ್ಮ ಬೇಲಿಯಾಚೆಯಿಂದ ಅದನ್ನೇ ಕೇಳಿದರು. ಮಗಳಿಗೆ ಸಂಬಂಧ ಏನಾದರೂ ನೋಡ್ತಾ ಇದ್ದೀರಾ ಅಂತ ಬಾಲವನ್ನೂ ಸೇರಿಸಿದರು. ನಮ್ಮಲ್ಲಿ ಕೋಣೆ ಚಂದ ಮಾಡುವುದು ಬರುವವರಿಗೆ. ಇದ್ದವರಿಗೆ ಅಲ್ಲ. ನನಗಂತ ಹೇಳಲು ಬಾಯಿ ಬರಲಿಲ್ಲ ನೋಡಿ. "ಮಗಳು ರಜೆಯಲ್ಲಿ ಬಂದರೆ ಇರಲಿ ಅಂತ" ಅಂದುಬಿಟ್ಟೆ. ಶುದ್ಧ ಸುಳ್ಳು. ಅವಳು ಬೆಂಗಳೂರಿನಿಂದ ಬಂದರೆ ಚಾವಡಿಯಲ್ಲಿ ಫ್ಯಾನಿನ ಕೆಳಗೆ ಬಿದ್ದುಕೊಳ್ಳುವವಳು.

ಅವಳಿಗೆ ಮಾತ್ರ ಫೋನಿನಲ್ಲಿ ನಿಜ ಹೇಳಿದೆ. ಖುಷಿಯಾಗಿ ಫೋಟೋಗಳ ಮೇಲೆ ಫೋಟೋ ಕಳಿಸಿದಳು. ಬಿಳಿ ಗೋಡೆ, ಸಣ್ಣ ಸಣ್ಣ ದೀಪದ ಸರ, ಮೂಲೆಯಲ್ಲಿ ಒಂದು ಗಿಡ. ಇದಕ್ಕೆ ಸೆಲ್ಫ್ ಕೇರ್ ಅಂತಾರೆ ಅಮ್ಮಾ ಅಂತ ಪಾಠ ಬೇರೆ. ವರ್ಜೀನಿಯಾ ವುಲ್ಫ್ ಅನ್ನುವ ಲೇಖಕಿ 1929ರಲ್ಲೇ ಹೇಳಿದ್ದಾಳಂತೆ, ಹೆಂಗಸು ಕಥೆ ಕಾದಂಬರಿ ಬರೆಯಬೇಕಾದರೆ ಸ್ವಂತ ಕೋಣೆ ಬೇಕು, ಜೊತೆಗೆ ವರ್ಷಕ್ಕೆ 500 ಪೌಂಡು ಬೇಕು ಅಂತ. ಸರಿ. ಆದರೆ ನನಗೆ ಬರೆಯಲಿಕ್ಕೂ ಇಲ್ಲ. ಸುಮ್ಮನೆ ಕೂರಬೇಕು ಅಷ್ಟೇ, ಅದಕ್ಕೆಷ್ಟು ಪೌಂಡು ಅಂತ ಕೇಳಿದೆ. ಗಿಡದ ಉಪದೇಶವನ್ನೂ ಬಿಟ್ಟೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕಿಟಕಿ ತೆರೆದಿಟ್ಟರೆ ಕರಿಮೆಣಸಿನ ಬಳ್ಳಿ ತಾನಾಗಿಯೇ ಒಳಗೆ ಬರುತ್ತದೆ.

ಗೋಡೆಯ ಬಗ್ಗೆ ಸ್ವಲ್ಪ ಹೇಳಬೇಕು. ಹಳೆ ಕೆಂಪುಕಲ್ಲಿನ ಗೋಡೆ. ಹಿಂದೊಮ್ಮೆ ಯಾರದೋ ಮಾತು ಕೇಳಿ ಹೊಳೆಯುವ ಪೈಂಟು ಹೊಡೆಸಿದ್ದೆವು. ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ನಮ್ಮ ಮಳೆಗೆ ಗೋಡೆ ನೀರು ಕುಡಿಯುವುದೇ, ಕುಡಿದದ್ದನ್ನು ಹೊರಗೆ ಬಿಡಲು ದಾರಿ ಬೇಕು. ಸುಣ್ಣಕ್ಕಾದರೆ ಆ ದಾರಿ ಉಂಟು, ಪೈಂಟು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಸುಣ್ಣವೇ ಅಂತ ನಿಶ್ಚಯ ಮಾಡಿದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ತಂದಿಟ್ಟ ಸುಣ್ಣ ಹೇಗೂ ಕೊಟ್ಟಿಗೆಯಲ್ಲಿತ್ತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಲೆಕ್ಕ ಹಾಕಿ ತಂದದ್ದು. ಅದರಿಂದ ಐದಾರು ಕಿಲೋ ತೆಗೆದದ್ದಕ್ಕೆ ಇವರ ಮುಖ ಸಣ್ಣದಾಯ್ತು. ಮದ್ದಿಗೆ ಕಡಿಮೆಯಾದರೆ ತೋಟ ಏನಾಗಬೇಕು ಅಂತ. ಪೇಟೆಯಿಂದ ಇನ್ನೊಂದು ಚೀಲ ತಂದರೆ ಆಯ್ತು, ಚಿನ್ನ ಅಲ್ಲವಲ್ಲ ಅಂದೆ. ಎರಡು ದಿನ ಡ್ರಮ್ಮಿನಲ್ಲಿ ನೀರು ಹಾಕಿಟ್ಟು, ಹಳೆ ಪಂಚೆಯಲ್ಲಿ ಸೋಸಿ, ಚೂರು ನೀಲಿ ಬೆರೆಸಿ, ಮೂರು ಸಲ ಬಳಿದೆವು. ಒದ್ದೆ ಇರುವಾಗ ಏನೂ ಕಾಣುವುದಿಲ್ಲ, ಬಳಿದದ್ದೇ ಸುಳ್ಳೋ ಅಂತ ಆಗುತ್ತದೆ. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ. ಅದನ್ನು ನೋಡುತ್ತಾ ಕೂರುವುದೇ ಒಂದು ಸುಖ.

ಉಳಿದದ್ದಕ್ಕೆ ಹೆಚ್ಚು ಖರ್ಚಿಲ್ಲ. ನನ್ನ ಒಂದು ನೂಲಿನ ಸೀರೆ ಕರ್ಟನ್ ಆಯ್ತು, ಅಟ್ಟದಲ್ಲಿದ್ದ ಮಾವನವರ ಈಸಿ ಚೇರಿಗೆ ಹೊಸ ಬಟ್ಟೆ ಹಾಕಿಸಿದೆ. ಒಂದು ಟೇಬಲ್ ದೀಪ ಮಾತ್ರ ದುಡ್ಡು ಕೊಟ್ಟು ಪುತ್ತೂರಿನಿಂದ ತಂದದ್ದು. ಅಡಿಕೆಯ ವಾಸನೆ ಇನ್ನೂ ಪೂರ್ತಿ ಹೋಗಲಿಲ್ಲ. ಇರಲಿ.

ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಗಂಟೆವರೆಗೆ ನನ್ನ ಹೊತ್ತು ಅಂತ ಇಟ್ಟುಕೊಂಡೆ. ಕೇಳಲು ಸುಲಭ. ಕೇಂದ್ರ ಸರಕಾರದವರು 2019ರಲ್ಲಿ ಜನರು ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿದ್ದರು. ಸಂಬಳ ಇಲ್ಲದ ಮನೆಕೆಲಸಕ್ಕೆ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಆ ಕೆಲಸ ಮಾಡುವ ಗಂಡಸರದ್ದು 97 ನಿಮಿಷ ಅಂತ ಬಂತು. ನಮ್ಮಂಥ ಮನೆಗಳಲ್ಲಿ ದನ, ಅಂಗಳ, ಅಡಿಕೆ ಇದೆಲ್ಲ ಮನೆಕೆಲಸವೋ ತೋಟದ ಕೆಲಸವೋ ಅಂತ ಯಾರು ಹೇಳಬೇಕು? ಅದರಲ್ಲಿ 90 ನಿಮಿಷ ಕದಿಯುವುದು ಅಂದರೆ ಡ್ಯಾಮಿನಲ್ಲಿ ತೂತು ಕೊರೆದ ಹಾಗೆ ಅನಿಸಿತ್ತು ನನಗೆ.

ಮೊದಲ ದಿನ ಬಾಲ್ದಿಯಲ್ಲಿ ಬಿಸಿನೀರು, ಒಂದು ಮುಷ್ಟಿ ಉಪ್ಪು ಹಾಕಿ ಕಾಲು ಅದ್ದಿ ಕೂತೆ. ನನ್ನ ಹಿಮ್ಮಡಿ ನಾನೇ ಸರಿಯಾಗಿ ನೋಡಿ ಎಷ್ಟು ವರ್ಷ ಆಗಿತ್ತೋ. ಅಂಗಳದ ಬಿಸಿಲು, ಕೊಟ್ಟಿಗೆಯ ನೀರು ಎರಡೂ ಸೇರಿ ಬೇಸಗೆಯ ಗದ್ದೆಯ ಹಾಗೆ ಬಿರುಕು. ತೆಂಗಿನೆಣ್ಣೆ ಹಚ್ಚುವಾಗ ಅಳು ಬಂತು, ಯಾಕೆ ಅಂತ ಕೇಳಬೇಡಿ. ಆದರೆ ಹೊರಗೆ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕಾಲು ಬಾಲ್ದಿಯಿಂದ ತೆಗೆದು, ಹತ್ತಿರ ಇದ್ದ ಒಂದು ಹರಿದ ರವಕೆ ಎತ್ತಿ ಹೊಲಿಯುವವಳ ಹಾಗೆ ಕೂತೆ! ಒಂದು ವಾರ ಇದೇ ನಾಟಕ. ರವಕೆಗೆ ಬೇಡದಷ್ಟು ಹೊಲಿಗೆ ಬಿತ್ತು :)

ನನಗೆ ಹೆದರಿಕೆ ಇದ್ದದ್ದು ಅತ್ತೆಯದ್ದು. ಎಪ್ಪತ್ತಾರು ವರ್ಷ, ಈಗಲೂ ಹಗಲು ಮಲಗುವವರಲ್ಲ. ಏನೂ ಇಲ್ಲದಿದ್ದರೆ ಬತ್ತಿ ಹೊಸೆಯುತ್ತಾ ಕೂರುವವರು. ಹತ್ತನೇ ದಿನವೋ ಏನೋ, ಹೊಸ್ತಿಲಿನಲ್ಲಿ ಬಂದು ನಿಂತರು. ರವಕೆ ಕೈಗೆ ಸಿಗಲಿಲ್ಲ.

"ಎಂತ ಮಾಡ್ತಾ ಇದ್ದಿ?"

"ಎಂತ ಇಲ್ಲ ಅತ್ತೆ."

ಅವರು ಬೈಯಲಿಲ್ಲ. ಒಳಗೆ ಬಂದು ಗೋಡೆ ಮುಟ್ಟಿ ನೋಡಿದರು. ಮಂಚದಲ್ಲಿ ಕೂತರು. ಈ ಮಂಚದಲ್ಲಿ ಮೂರು ಬಾಣಂತನ ಆಗಿದೆ ನನಗೆ, ಮೊದಲನೆಯದ್ದು ಮಾತ್ರ ತವರಿನಲ್ಲಿ ಅಂದರು. ಆಗ ನೆಕ್ಕಿ ಸೊಪ್ಪು ಹಾಕಿ ಕಾಯಿಸಿದ ಹಂಡೆ ನೀರು, ಮೈಗೆಲ್ಲ ಎಣ್ಣೆ ತಿಕ್ಕಲು ಜನ, ಹೊತ್ತು ಹೊತ್ತಿಗೆ ಊಟ, ಲೇಹ್ಯ. ನಲವತ್ತು ದಿನ ಕಳೆದ ಮಾರನೇ ದಿನ ಬೆಳಗ್ಗೆ ಐದಕ್ಕೆ ಕೊಟ್ಟಿಗೆಯಲ್ಲಿ. "ಆ ಉಪಚಾರ ನನಗಾ? ಹಾಲಿಗೆ" ಅಂದರು. ಸಿಟ್ಟಿನಿಂದ ಅಲ್ಲ, ಲೆಕ್ಕ ಹೇಳಿದ ಹಾಗೆ.

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಹೊರಗೆ ಕೂರುವ ಮೂರು ದಿನವೂ ಈ ಕೋಣೆಯಲ್ಲೇ ಇರುವುದಂತೆ, ಬಾಣಂತಿ ಇಲ್ಲದಿದ್ದರೆ. ಪುತ್ತೂರಿನಲ್ಲಿ ಫಿಲೋಮಿನಾ ಕಾಲೇಜಿಗೆ ಹೋಗುತ್ತಿದ್ದ ಮೈದುನ ತರುತ್ತಿದ್ದ ಕಾದಂಬರಿಗಳನ್ನು ಆ ಮೂರು ದಿನ ಓದುವುದು. ಕೆಲವರ ಮನೆಯಲ್ಲಿ ಪುಸ್ತಕ ಮುಟ್ಟಿದರೆ ಸರಸ್ವತಿಗೆ ಮೈಲಿಗೆ ಅಂತ ಇತ್ತು, ನಮ್ಮಲ್ಲಿ ಕಾದಂಬರಿಗೆ ಅಷ್ಟು ಗೌರವ ಇರಲಿಲ್ಲ ಅಂತ ನಕ್ಕರು. ತ್ರಿವೇಣಿಯ 'ಶರಪಂಜರ' ಹಾಗೇ ಓದಿದ್ದು. ಅದರಲ್ಲಿ ಹುಡುಗಿಗೆ ಹೆರಿಗೆಯ ನಂತರ ತಲೆ ಕೆಡುತ್ತದಲ್ಲ, ಅಲ್ಲಿಗೆ ಬರುವಾಗ ನಾಲ್ಕನೇ ದಿನ ಬೆಳಗಾಯಿತಂತೆ. ಸ್ನಾನ ಮಾಡಿ ಒಳಗೆ ಬಂದಾಯ್ತು, ಪುಸ್ತಕ ಮಂಚದಡಿಯಲ್ಲಿ. ಅವಳಿಗೆ ಗುಣ ಆಯಿತೋ ಇಲ್ಲವೋ ಅಂತ ತಿಳಿಯಲು ಇನ್ನೊಂದು ತಿಂಗಳು ಕಾದೆ ಮಾರಾಯ್ತಿ ಅಂದರು. ಇಡೀ ಪುಸ್ತಕಕ್ಕೆ ನಾಲ್ಕು ತಿಂಗಳು.

"ಮತ್ತೆ?" ಅಂತ ಕೇಳಿದೆ.

"ಮತ್ತೆಂತ, ಮುಟ್ಟು ನಿಂತಿತು. ಓದುವುದೂ ನಿಂತಿತು."

ಮೂವತ್ತು ವರ್ಷವಾಗುತ್ತಾ ಬಂತು ಅದಕ್ಕೆ.

ನಾನು ಆ ಪದ್ಧತಿಯನ್ನು ಹೊಗಳುತ್ತಾ ಇಲ್ಲ. ಮದುವೆಯಾದ ಹೊಸತರಲ್ಲಿ ಆಟಿ ತಿಂಗಳ ಮಳೆಯಲ್ಲಿ ಆ ಮೂರು ದಿನ ನಾನೂ ಕೂತವಳೇ. ಒಣಗದ ಬಟ್ಟೆ, ದೂರದಿಂದ ಸರಿಸುವ ಬಟ್ಟಲು, ಮನೆಗೆ ಬಂದವರೆಲ್ಲ ನೋಡಿ ತಿಳಿದುಕೊಳ್ಳುವುದು, ಇದೆಲ್ಲ ನೆನೆದರೆ ಈಗಲೂ ಮೈ ಉರಿಯುತ್ತದೆ. ಮಗಳು ದೊಡ್ಡವಳಾದಾಗ ನಾನೇ ಹಟ ಹಿಡಿದು ನಿಲ್ಲಿಸಿದ್ದು. ಆಗ ಅತ್ತೆ ಒಂದು ವಾರ ನನ್ನ ಹತ್ತಿರ ಮಾತಾಡಿರಲಿಲ್ಲ. ಆದರೆ ನಾನು ಇಷ್ಟು ಯೋಚಿಸಿರಲಿಲ್ಲ. ಮೈಲಿಗೆಯಾದರೆ ಅಥವಾ ಹೆತ್ತರೆ ಮಾತ್ರ ಈ ಮನೆಯಲ್ಲಿ ಹೆಂಗಸಿಗೆ ಬಾಗಿಲು ಇರುವ ಒಂದು ಕೋಣೆ, ಕೆಲಸ ಹೇಳದ ಒಂದು ದಿನ. ಕಾರಣ ಹೋಯ್ತು, ಕೋಣೆಗೆ ಗೋಣಿ ಬಂತು. ಕಾರಣವೇ ಇಲ್ಲದೆ ಕೂರಬಹುದು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಮುಂದಿನ ಸಲ ಪುತ್ತೂರಿಗೆ ಹೋದಾಗ 'ಶರಪಂಜರ' ತಂದುಕೊಟ್ಟೆ. ಕತೆ ಗೊತ್ತುಂಟಲ್ಲ, ದುಡ್ಡು ದಂಡ ಅಂದರು. ಎರಡೇ ಮಧ್ಯಾಹ್ನದಲ್ಲಿ ಮುಗಿಸಿದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ಕಥೆ ಸುಖಾಂತ ಅಂತ ತಿಳಿಯಬೇಡಿ. ಅತ್ತೆ ಈಗ ದಿನಾ ಬರುತ್ತಾರೆ. ಎರಡು ಗಂಟೆಗೇ ಬಂದು ಮಂಚ ಹಿಡಿದು, ದೀಪ ಹಾಕಿ ಓದಲು ಕೂರುತ್ತಾರೆ. ನಾನು ಬಟ್ಟೆ ಹಿಂಡಿ ಬರುವಾಗ ನನ್ನ ಕೋಣೆ ಭರ್ತಿ! ಓದಿದ್ದನ್ನು ಹೇಳದೆ ಇರಲೂ ಆಗುವುದಿಲ್ಲ ಅವರಿಗೆ. ಒಂದು ದಿನ ಸಿಟ್ಟು ಬಂದು, ನನಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು ಅತ್ತೆ ಅಂದೇಬಿಟ್ಟೆ. ಹೇಳಿದ ಮೇಲೆ ಹೆದರಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದ್ರೆ ಮೊದಲೇ ಹೇಳ್ಬಾರ್ದಾ" ಅಂದರು. ಈಗ ಸೋಮ, ಬುಧ, ಶುಕ್ರ ಅವರಿಗೆ, ಮಂಗಳ, ಗುರು, ಶನಿ ನನಗೆ. ಆದಿತ್ಯವಾರ ಮಕ್ಕಳ ಫೋನು, ನೆಂಟರು, ಯಾರಿಗೂ ಇಲ್ಲ. ಅವರ ದಿನ ಕೊಟ್ಟಿಗೆಯ ಕೆಲಸ ನನಗೆ, ನನ್ನ ದಿನ ಸಂಜೆಯ ಚಾ ಅವರದ್ದು. ಚಾಕ್ಕೆ ಸಕ್ಕರೆ ಜಾಸ್ತಿ, ನಾನು ಹೇಳಲು ಹೋಗುವುದಿಲ್ಲ.

ಮಳೆಗಾಲದಲ್ಲಿ ಕಿಟಕಿಯ ಕೆಳಗೆ ಒಂದು ಕಡೆ ತೇವ ಎದ್ದಿತ್ತು, ಬಿಸಿಲು ಬಂದ ಮೇಲೆ ಒಣಗಿದೆ, ಸುಣ್ಣ ಎದ್ದು ಬರಲಿಲ್ಲ. ತೋಟದಲ್ಲಿ ಅಡಿಕೆ ಹಣ್ಣಾಗುತ್ತಾ ಉಂಟು. ಮೊನ್ನೆ ಇವರು ಬಾಗಿಲಿನಲ್ಲಿ ಬಂದು ನಿಂತು ಕೋಣೆಯನ್ನು ಮೇಲೆ ಕೆಳಗೆ ನೋಡಿ, "ಈ ಸಲದ್ದು ಎಲ್ಲಿಡುವುದು ಹಾಗಾದ್ರೆ?" ಅಂದರು. ಬುಧವಾರ ಅದು, ಒಳಗಿದ್ದದ್ದು ಅತ್ತೆ. ಪುಟ ಮಗುಚುತ್ತಾ "ಅಟ್ಟ ಉಂಟಲ್ಲ" ಅಂದರಂತೆ.

ಅಟ್ಟ ಸೋರುತ್ತದೆ, ಅಲ್ಲಿ ಆಗುವುದಿಲ್ಲ. ಇವರ ಆಫೀಸು ಅಂತ ಒಂದು ಕೋಣೆ ಉಂಟು ಜಗಲಿಯ ಪಕ್ಕ, ಒಳ್ಳೆ ಒಣ ಕೋಣೆ. ಒಂದು ಮೇಜು, ಹಳೆ ಪೇಪರು, ಬ್ಯಾಂಕಿನ ಕ್ಯಾಲೆಂಡರು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಅಳತೆ ಮಾಡಿ ನೋಡಿದ್ದೇನೆ, ಎಲ್ಲ ಗೋಣಿಯೂ ಹಿಡಿಯುತ್ತದೆ. ಇವರಿಗೆ ಇನ್ನೂ ಹೇಳಲಿಲ್ಲ.