ಹತ್ತದ ಬಲ್ಬು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹೊಸ ಐಡಿಯಾಗಳ ಪ್ರದರ್ಶನ ಇಡುತ್ತಾರೆ. ಕೈ ಮುಟ್ಟದೆ ಬಲ್ಬು ಹತ್ತಿಸಿ ತೋರಿಸ್ತೀನಿ ಅಂತ ಒಂದು ಸಲ ನಾನೂ ಹೆಸರು ಕೊಟ್ಟೆ. ಮಾಯೆ ಮಂತ್ರವೇನಿಲ್ಲ. ಪರದೆಯ ಮೇಲೆ ಎರಡು ಚೌಕ. ಒಂದು ಸೆಕೆಂಡಿಗೆ 10 ಸಲ ಮಿನುಗಿದರೆ ಇನ್ನೊಂದು 12 ಸಲ. ನೀವು ನೋಡಿದ ಚೌಕದ ತಾಳಕ್ಕೇ ತಲೆಯ ಹಿಂಭಾಗದ ವಿದ್ಯುತ್ತೂ ಏರಿಳಿಯುತ್ತದೆ, ಕೆಲವೇ ಮೈಕ್ರೋವೋಲ್ಟಿನಷ್ಟು. 12ರ ತಾಳ ಜೋರಾದರೆ ಬಲ್ಬು ಹತ್ತಬೇಕು. ಮನೆಯಲ್ಲಿ ಹತ್ತುತ್ತಲೂ ಇತ್ತು. ಅಮ್ಮ ಮಾತ್ರ, "ಸ್ವಿಚ್ ಇರುವಾಗ ಇದೆಲ್ಲ ಯಾಕಪ್ಪಾ?" ಅಂದಿದ್ದರು.

ಆ ದಿನ ಲೈಟು ಆರಿಸಿ, ಎಲೆಕ್ಟ್ರೋಡುಗಳ ಟೋಪಿ ಹಾಕಿಕೊಂಡು ಕೂತೆ. ಜೆಲ್ ಕಿವಿಯ ಹಿಂದಿನಿಂದ ಇಳಿದು ಕಾಲರೆಲ್ಲ ಅಂಟಂಟು. ಪಕ್ಕದಲ್ಲೇ ಮೇನೇಜರು, ಜತೆಗೆ ಹೊರಗಿನಿಂದ ಬಂದ ದೊಡ್ಡವರು. ಕಣ್ಣು ಚೌಕದ ಮೇಲೇ ಇತ್ತು, ಆಣೆ ಇಟ್ಟು ಹೇಳ್ತೀನಿ. ಬಲ್ಬು ಹತ್ತಲಿಲ್ಲ. ಯಾರೋ ಕೆಮ್ಮಿದರು. "ತಲೆಗೆ ಎಣ್ಣೆ ಹಚ್ಚಿದ್ದೆ, ಅದಕ್ಕೇ ಹೀಗೆ" ಅಂದೆ. ಬೆಳಿಗ್ಗೆ ತಾನೇ ಶಾಂಪೂ ಹಾಕಿ ತೊಳೆದ ತಲೆ! ಆಮೇಲೆ ತಪ್ಪನ್ನು ಗೋಡೆಯೊಳಗಿನ ಕರೆಂಟಿನ ಮೇಲೆ ಹೊರಿಸಿದೆ. ಮೇನೇಜರು ಎದ್ದು ಸ್ವಿಚ್ ಒತ್ತಿ ಟ್ಯೂಬ್‌ಲೈಟ್ ಹಾಕಿದರು. "ಇದು ಹತ್ತುತ್ತೆ ನೋಡಿ" ಅಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಸಂಜೆ ನಮ್ಮ ಇಂಟರ್ನ್ ಹುಡುಗಿ ರೆಕಾರ್ಡಿಂಗ್ ತೆರೆದಳು. ಕರೆಂಟಿನ 50 ಹರ್ಟ್ಸ್ ಗದ್ದಲವನ್ನು ಫಿಲ್ಟರು ಸೋಸಿಬಿಟ್ಟಿತ್ತು. 12ರ ಗೆರೆ ಇತ್ತು, ಮನೆಯಲ್ಲಿ ಬಂದಿದ್ದಕ್ಕಿಂತ ತೀರಾ ಗಿಡ್ಡ.

"ಆಗ ಏನು ನೋಡ್ತಿದ್ರಿ ಸರ್?"

"ಚೌಕಾನೇ ಕಣಮ್ಮಾ."

"ಕಣ್ಣಿನ ವಿಷಯ ಅಲ್ಲ ಸರ್, ನಾನು ಕೇಳಿದ್ದು."

1996ರಲ್ಲಿ ಮಾರ್ಗನ್, ಹ್ಯಾನ್ಸನ್, ಹಿಲ್‌ಯಾರ್ಡ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟದ್ದೂ ಇದನ್ನೇ. ನೋಟ ನಡುವೆ ನೆಟ್ಟಿರಬೇಕು, ಎಡಕ್ಕೂ ಬಲಕ್ಕೂ ಬೇರೆ ಬೇರೆ ವೇಗದ ಮಿನುಗು. ಕಣ್ಣು ಅಲುಗದೆ ಗಮನವಷ್ಟೇ ಯಾವ ಕಡೆ ಹೊರಳಿತೋ ಆ ಕಡೆಯ ತಾಳ ಮಿದುಳಿನಲ್ಲಿ ದೊಡ್ಡದಾಗುತ್ತಿತ್ತು. ನಮ್ಮ ಐಐಎಸ್‌ಸಿಯಲ್ಲೇ ಸುಪ್ರತಿಮ್ ರೇ ಅವರ ಪ್ರಯೋಗಾಲಯ ಗಮನ ಮತ್ತು ಮಿದುಳಿನ ಅಲೆಗಳ ನಂಟನ್ನು ಹುಡುಕುತ್ತಿದೆ. ಇದೆಲ್ಲ ನನ್ನ ಮೊದಲ ಸ್ಲೈಡಿನಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ಅದನ್ನು ಓದಿ ಹೇಳಿ, ಕಣ್ಣನ್ನು ಚೌಕದಲ್ಲಿ ಬಿಟ್ಟು, ಮೇನೇಜರ ಹುಬ್ಬು ಏರಿತೋ ಇಳಿಯಿತೋ ಎಂದು ಅಳೆಯುತ್ತ ಕೂತಿದ್ದೆ. ಹೊಸೂರು ರೋಡಿನಲ್ಲಿ ಸಿಗ್ನಲ್ಲನ್ನೇ ದಿಟ್ಟಿಸುತ್ತಿದ್ದರೂ ಹಸಿರು ಬಂದದ್ದು ನನಗೆ ಗೊತ್ತಾಗುವುದು ಹಿಂದಿನವನ ಹಾರ್ನಿನಿಂದ. ಅದಕ್ಕೆ ಟೋಪಿಯೂ ಬೇಕಿಲ್ಲ.

ಈಗ ಚೌಕದೊಳಗೆ ಬಣ್ಣ ಬದಲಿಸುವ ಒಂದು ಚುಕ್ಕಿ ಇಟ್ಟಿದ್ದೇನೆ. ಎಷ್ಟು ಸಲ ಕೆಂಪಾಯಿತೆಂದು ಎಣಿಸುತ್ತ ಕೂತರೆ ಬಲ್ಬು ಹತ್ತುತ್ತದೆ. ಹತ್ತಿತಲ್ಲಾ ಅಂತ ಹಿಗ್ಗಿ ಮನಸ್ಸು ಅತ್ತ ಹೋದರೆ ಸಾಕು, ಲೆಕ್ಕವೂ ತಪ್ಪುತ್ತದೆ, ಬಲ್ಬೂ ಆರುತ್ತದೆ.