ಇಡೀ ಅಂಗಿಯ ಐಷಾರಾಮ

ತೂತು ಬಿದ್ದ ಸ್ವೆಟರಿಗೆ ನಮ್ಮ ಮನೆಗಳಲ್ಲಿ ಎರಡೇ ಗತಿ: ಸ್ಟೀಲ್ ಪಾತ್ರೆಯವಳ ಗಂಟು, ಇಲ್ಲವೇ ಸ್ಕೂಟರ್ ಒರೆಸುವ ಕೆಲಸ. ಜಪಾನಿನ ಫ್ಯಾಷನ್ ವಿನ್ಯಾಸಕಿ ರೇ ಕವಾಕುಬೊ 1982ರಲ್ಲಿ ಬೇಕೆಂದೇ ತೂತು ಬಿಟ್ಟು ಹೆಣೆಸಿದ ಸ್ವೆಟರು ಮಾತ್ರ ಲಂಡನ್ನಿನ ಮ್ಯೂಸಿಯಂ ಸೇರಿತು. ಬೆಲ್ಜಿಯಂನ ಮಾರ್ಟಿನ್ ಮಾರ್ಜೆಲಾ ಸೈನಿಕರ ಕಾಲುಚೀಲಗಳನ್ನು ಬಿಚ್ಚಿ ಜೋಡಿಸಿ ಸ್ವೆಟರ್ ಮಾಡಿದರು. ಹಿಮ್ಮಡಿಯ ಉಬ್ಬು ಮೊಣಕೈಗೆ ಬಂತು. ಚಿನ್ನದ ಜರಿ, ದುಬಾರಿ ನೂಲು ಇಲ್ಲದೆಯೂ ಬಟ್ಟೆ ಶ್ರೀಮಂತವಾಗಬಹುದೆಂದು ತೋರಿಸಿದವರು ಇವರು. ಒಪ್ಪೋಣ. ಆದರೆ ಬೆಲೆ ನೋಡಿದರೆ, ಹಳೆಯ ಐಷಾರಾಮವೇ ಹರಕು ವೇಷ ಹಾಕಿಕೊಂಡು ಬಂದಿದೆಯೇನೋ ಎಂಬ ಗುಮಾನಿ ನನಗೆ.

ಬೆಂಗಳೂರಿನ ಪೀಣ್ಯದಲ್ಲಿ ಈ ಗುಮಾನಿ ಬೇರೆಯೇ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಲಗ್ಗೆರೆ, ಚೊಕ್ಕಸಂದ್ರದ ಕಡೆಯಿಂದ ಊಟದ ಡಬ್ಬಿ ಹಿಡಿದು ಸರಸರ ನಡೆಯುವ ಹೆಂಗಸರಲ್ಲಿ ಎಷ್ಟೋ ಜನ ಗಾರ್ಮೆಂಟ್ಸಿಗೆ ಹೊರಟವರು. ಅಲ್ಲಿ ಅಂಗಿ ಒಬ್ಬರ ಕೈಯಲ್ಲಿ ಹುಟ್ಟುವುದಿಲ್ಲ. ಪದರ ಪದರ ಹಾಸಿದ ಬಟ್ಟೆಯನ್ನು ಕಟಿಂಗ್ ಸೆಕ್ಷನ್ನಿನಲ್ಲಿ ಒಮ್ಮೆಗೇ ಕತ್ತರಿಸಿ, ಬಂಡಲ್ ಕಟ್ಟಿ ಲೈನಿಗೆ ಬಿಡುತ್ತಾರೆ. ಒಬ್ಬಳದು ಜೇಬು, ಒಬ್ಬಳದು ತೋಳು. ಕಾಲರಿನವಳು ವರ್ಷಗಟ್ಟಲೆ ಕಾಲರನ್ನೇ ಹೊಲಿಯಬಹುದು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟು, ಬೆನ್ನ ಹಿಂದೆ ಸೂಪರ್‌ವೈಸರು. ಯಾವ ದೇಶದಲ್ಲಿ ಎಷ್ಟಕ್ಕೆ ಮಾರಿದರೋ ಆ ಮಾತು ಹಾಗಿರಲಿ; ಮುಗಿದ ಅಂಗಿಯೊಂದನ್ನು ಎತ್ತಿಹಿಡಿದು ‘ಇದು ನಾನು ಹೊಲಿದದ್ದು’ ಎನ್ನುವ ಭಾಗ್ಯ ಅವಳಿಗಿಲ್ಲ. ಐಷಾರಾಮ ಎಂದರೆ ನನ್ನ ಲೆಕ್ಕದಲ್ಲಿ ಅದು.

ಆ ಭಾಗ್ಯ ಹೇಗಿರುತ್ತದೆ ಎಂದು ತಿಳಿಯಲು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯನ್ನು ನೋಡಿ. ಹಳೆ ಸೀರೆ, ಹರಿದ ಅಂಗಿಗಳ ಚೂರು. ಗೆರೆ ಎಳೆದುಕೊಳ್ಳುವುದಿಲ್ಲ, ಅಂಚಿನಲ್ಲಿ ಸೂಜಿ ಚುಚ್ಚಿದವಳು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಟ್ಟುತ್ತಾಳೆ. ಮೂಲೆಗಳಿಗೆ ಮಡಿಚಿದ ತುಂಡಿನ ‘ಫೂಲ’ ಕೂರಿಸದಿದ್ದರೆ ಆ ಕೌದಿ ಬೆತ್ತಲೆಯಂತೆ. ಎಲ್ಲಿ ಕೆಂಪು ಬೇಕು, ಎಲ್ಲಿಗೆ ಸಾಕು ಎಂಬ ತೀರ್ಮಾನದಲ್ಲಿ ಅವಳು ಮಾರ್ಜೆಲಾನಷ್ಟೇ ಸ್ವತಂತ್ರಳು. ಈ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ.

ಪೀಣ್ಯದ ಸುತ್ತಲೂ ಆ ಸ್ವಾತಂತ್ರ್ಯ ಸತ್ತಿಲ್ಲ. ರಾತ್ರಿಪಾಳಿಗೆ ಬಿದ್ದಿದೆ, ಅಷ್ಟೆ. ‘ಫಾಲ್, ಪಿಕೋ, ಬ್ಲೌಸ್ ಹೊಲಿದುಕೊಡಲಾಗುವುದು’ ಎಂಬ ಬೋರ್ಡು ಎಷ್ಟೋ ವಠಾರಗಳಲ್ಲಿದೆ. ಹಗಲು ಕಾಲರ್, ರಾತ್ರಿ ಇಡೀ ರವಿಕೆ. ಬೆನ್ನಿಗೆ ಪಾಟ್ ನೆಕ್ಕು, ದಾರದ ತುದಿಗೆ ಉಳಿದ ಬಟ್ಟೆಯ ಗೊಂಡೆ, ತೋಳಿಗೆ ಯಾರೂ ಕೇಳದ ಒಂದು ಪ್ಯಾಚು. ಪ್ರಯೋಗಶೀಲ ಫ್ಯಾಷನ್ ನೋಡಲು ಪ್ಯಾರಿಸ್ಸಿಗೆ ಹೋಗುವವರು ನಮ್ಮ ಮದುವೆ ಛತ್ರಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬೆನ್ನುಗಳನ್ನು ನೋಡಿದರೂ ನಡೆದೀತು.

ಆ ವಠಾರಗಳಲ್ಲಿ ರವಿಕೆ ಹೊಲಿಸುವಾಗ ಹೊಲಿಯುವವಳು ಹೇಳಿದ ಕೂಲಿ ಕೊಡಿ. ‘ನಾಳೆಯೇ ಬೇಕು’ ಎಂದು ಪೀಡಿಸಬೇಡಿ. ಟಾರ್ಗೆಟ್ಟು ಅವಳಿಗೆ ಹಗಲಲ್ಲೇ ಸಾಕಷ್ಟಾಗಿರುತ್ತದೆ.