ಆಟೋ ಅಂಗಡಿಯಲ್ಲಿ ರೈಲು ಟಿಕೆಟು

2025ನೆಯ ಇಸವಿಯ ಶ್ರಾವಣ ಮಾಸದಲ್ಲಿ ನಮ್ಮ ತಾಯಿಯವರನ್ನು ಮಲ್ಲೇಶ್ವರದಲ್ಲಿರುವ ನಮ್ಮ ಸೋದರಿಯ ಮನೆಗೆ ಕರೆದುಕೊಂಡು ಹೋಗುವ ಪ್ರಸಂಗವೊದಗಿತು. ನಮ್ಮ ವಾಸವು ಕತ್ತರಿಗುಪ್ಪೆಯಲ್ಲಿ. ಬನಶಂಕರಿಯವರೆಗೆ ಬಸ್ಸು, ಆ ಮೇಲೆ ಮೆಟ್ರೋ ರೈಲು ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವುದು, ಇದು ನಮ್ಮ ರೂಢಿ. ಆ ದಿನ ಮಾತ್ರ ನಮ್ಮ ಚಿರಂಜೀವಿಯು, "ಆಟೋ ಕರೆಯುವ ಆ್ಯಪಿನಲ್ಲಿಯೇ ಈಗ ಮೆಟ್ರೋ ಟಿಕೆಟೂ ಸಿಕ್ಕುತ್ತದೆ, ಅಪ್ಪ" ಎಂದವನೇ ನಮ್ಮ ಉತ್ತರಕ್ಕೆ ಕಾಯದೆ, ನಮ್ಮ ಫೋನಿನಲ್ಲಿ ಎರಡು ಟಿಕೆಟುಗಳನ್ನು ಕೊಂಡುಬಿಟ್ಟನು. ಕೊಂಡ ಕೂಡಲೆ, ನಿಲ್ದಾಣದವರೆಗೆ ಆಟೋ ಬೇಕೆ ಎಂಬ ಪ್ರಶ್ನೆಯೂ ಮೂಡಿತು. ಅದಕ್ಕೂ ಅವನೇ ಒಪ್ಪಿಗೆಯಿತ್ತನು.

"ಬಸ್ಸಿನಲ್ಲಾದರೆ ನನಗೆ ದುಡ್ಡೇ ಇಲ್ಲವಲ್ಲೋ, ಮಗೂ" ಎಂದರು ತಾಯಿಯವರು. 2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾದಂದಿನಿಂದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲವಷ್ಟೆ. ಆ ಬಸ್ಸು ಪರದೆಯ ಮೇಲೆ ಎಲ್ಲಿಯೂ ಕಾಣಲಿಲ್ಲ. ಮಾರುವುದಕ್ಕೆ ಏನೂ ಇಲ್ಲದ ಸರಕನ್ನು ಯಾವ ವರ್ತಕನು ತಾನೇ ಮುಂಗಟ್ಟೆಯಲ್ಲಿ ಹರಡುತ್ತಾನೆ?

ಈ ಏರ್ಪಾಡು ನಮ್ಮೂರಿನಲ್ಲಿಯೇ ಹುಟ್ಟಿದುದಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿ 2019ರಲ್ಲಿಯೇ ಊಬರ್ ಆ್ಯಪಿನಲ್ಲಿ ಬಸ್ಸು ರೈಲುಗಳ ಟಿಕೆಟು ದೊರೆಯತೊಡಗಿತು. 2022ರಲ್ಲಿ ಬ್ರಿಟನ್ನಿನ ರೈಲುಗಳದೂ ಬಂದಿತು. ದೆಹಲಿಯ ಮೆಟ್ರೋ ಟಿಕೆಟು ಅದೇ ಅಂಗಡಿಯನ್ನು 2025ರ ಮೇ ತಿಂಗಳಿನಲ್ಲಿ ಸೇರಿತು. ಕೆಲವು ವಾರಗಳ ತರುವಾಯ, ಓಎನ್‌ಡಿಸಿ ಎಂಬ ಜಾಲದ ಮೂಲಕ, ನಮ್ಮ ಮೆಟ್ರೋ ಟಿಕೆಟು ನಮ್ಮ ಯಾತ್ರಿ, ರಾಪಿಡೋ ಮೊದಲಾದ ಆ್ಯಪುಗಳಲ್ಲಿಯೂ ಬಂದಿತು. ಈ ಜಾಲವು ಒಂದು ವಿಚಿತ್ರವಾದ ಸಂತೆ. ಮಾರುವವನು ಒಂದೆಡೆ ಸರಕನ್ನಿಟ್ಟರೆ ಅದು ಎಲ್ಲರ ಅಂಗಡಿಯಲ್ಲಿಯೂ ಕಾಣಿಸುತ್ತದೆ.

ಆಟೋ ಒದಗಿಸುವವರು ರೈಲಿನ ಟಿಕೆಟನ್ನು ಮಾರುವುದೇಕೆಂದು ನಾವು ಬಹಳ ಹೊತ್ತು ಯೋಚಿಸಿದೆವು. ರೈಲು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ನಡುವಣ ಉದ್ದದ ದಾರಿ ರೈಲಿನದಾದರೆ ಎರಡು ತುದಿಗಳು ಆಟೋವಿನವಾಗುತ್ತವೆ. ಹಾಗಾದರೆ ನಷ್ಟವು ಆ ತುದಿಗಳಲ್ಲಿ ಓಡುತ್ತಿದ್ದ ಬಸ್ಸಿಗೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2017ರಲ್ಲಿ ಅಮೆರಿಕದ ದೊಡ್ಡ ನಗರಗಳ ಬಗೆಗೆ ಪ್ರಕಟಿಸಿದ ವರದಿಯೂ ಇದನ್ನೇ ಸೂಚಿಸುತ್ತದೆ. ಆ್ಯಪಿನ ಕಾರುಗಳನ್ನು ಹಿಡಿದವರಲ್ಲಿ ಬಸ್ಸಿನ ಬಳಕೆ ಶೇಕಡಾ 6ರಷ್ಟು ತಗ್ಗಿತ್ತು. ಉಪನಗರಗಳ ರೈಲಿನ ಬಳಕೆ ಶೇಕಡಾ 3ರಷ್ಟು ಏರಿತ್ತು. ಅದು ಅಮೆರಿಕದ ಮಾತು, ನಿಜ. ನಮ್ಮಲ್ಲಿ ಬಸ್ಸಿಗಾಗಿ ಕಾಯುವವರ ಸಂಖ್ಯೆಯೇ ಬೇರೆ.

ಮಳೆಯ ರಾತ್ರಿ ಆಟೋ ದೊರೆತರೆ ಅದು ದೇವರು ಕಳುಹಿದಂತೆಯೇ ಸರಿ, ಚಾಲಕನೂ ಸಂಸಾರವಂದಿಗನು. ಆದರೆ ಕೈಯಲ್ಲಿ ಕಾಸಿರುವವರೆಲ್ಲ ಬಸ್ಸನ್ನು ಬಿಟ್ಟರೆ, ಅದು ತಡವಾಯಿತೆಂದು ಗಟ್ಟಿಯಾಗಿ ದೂರುವವರಾದರೂ ಯಾರು ಉಳಿದಾರು? ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ಅವಳ ದೂರು ನಮ್ಮ ಅಡಿಗೆಮನೆಯನ್ನು ದಾಟಿ ಹೋಗುವುದಿಲ್ಲ.

ಇನ್ನು ಲೆಕ್ಕದ ಮಾತು. 2025ರ ಆಗಸ್ಟ್ 1ರಿಂದ ಆಟೋವಿನ ಕನಿಷ್ಠ ದರವು 36 ರೂಪಾಯಿಯಾಯಿತು. ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು 144. ತಿಂಗಳಿಗೆ 25 ದಿನವೆಂದರೆ 3,600. ಇದಕ್ಕೆ ರೈಲಿನ ದರ ಬೇರೆ. ಅದರ ಮೇಲ್ಮಿತಿಯೂ ಆ ವರ್ಷದ ಫೆಬ್ರವರಿಯಲ್ಲಿ 60ರಿಂದ 90ಕ್ಕೆ ಏರಿತ್ತು. ಈ ಗಣಿತವನ್ನು ನಮ್ಮ ಚಿರಂಜೀವಿಯೂ ಮಾಡಿದ್ದಾನೆ. "ಇಷ್ಟರಲ್ಲಿ ಸ್ಕೂಟರಿನ ಕಂತೇ ತೀರುತ್ತದೆ" ಎನ್ನುತ್ತಾನೆ. ಅವನ ತಾಯಿ ಅಂದಿನಿಂದ ನೆಮ್ಮದಿಯಾಗಿ ನಿದ್ರಿಸಿಲ್ಲ. ಬಸ್ಸೂ ರೈಲೂ ಸೇರಿದರೆ ಆ ಲೆಕ್ಕವೇ ಹುಟ್ಟುತ್ತಿರಲಿಲ್ಲವೆಂದು ನಾವು ವಾದಿಸಿದೆವು. "ಬಸ್ಸು ಹೊತ್ತಿಗೆ ಬಂದರೆ ತಾನೆ?" ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ಹಿಂದಿರುಗುವಾಗ ತಾಯಿಯವರು ಹಟ ಹಿಡಿದರು. ತಮ್ಮ ಟಿಕೆಟು ಮಗನ ಫೋನಿನೊಳಗಿರುವುದು, ಬಾಗಿಲು ತೆರೆಯಬೇಕಾದಾಗಲೆಲ್ಲ ಮಗನನ್ನು ಹುಡುಕಬೇಕಾದುದು, ಅವರಿಗೆ ಬೆಳಗ್ಗೆಯೇ ಹಿಡಿಸಿರಲಿಲ್ಲ. ಬನಶಂಕರಿಯಲ್ಲಿಳಿದು ಪಕ್ಕದ ಬಸ್ ನಿಲ್ದಾಣಕ್ಕೆ ನಡೆದೆವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಫೋನು ಒಮ್ಮೆ ಗುಂಯ್‌ಗುಟ್ಟಿತು.

"ಏನಂತೆ?" ಎಂದು ಕೇಳಿದರು.

"ಆಟೋ ಬೇಕೆ ಎನ್ನುತ್ತಿದೆ, ಅಮ್ಮ."

ಅವರು ರಸ್ತೆಯ ಕಡೆಗೇ ನೋಡುತ್ತ ನಿಂತರು. ಇನ್ನೂ ಐದು ನಿಮಿಷ ಕಳೆದ ಮೇಲೆ ಬಸ್ಸು ಬಂದಿತು, ಕಿಕ್ಕಿರಿದು. ಕಾಲೇಜಿನ ಹುಡುಗಿಯೊಬ್ಬಳು ಎದ್ದು ಅವರಿಗೆ ಜಾಗ ಕೊಟ್ಟಳು. ನಾವು ಕಂಬಿ ಹಿಡಿದು ನಿಂತೇ ಬಂದೆವು.